ಮೂರು ಟನ್ನಿನ ಸೀನು

ಮೋಟೆಬೆನ್ನೂರ ದಾಟಿ ಎಡಕ್ಕ ಹೊಳ್ಳಿದರ
ತಗಡಿನ ಶೆಡ್ಡು. ಒಳಗ ನಿಂತೈತಿ
ನನ್ನ ಶಕ್ತಿಮಾನ್.
ಕೆಳಗ ಗೋಣಿತಟ್ಟು ಹಾಸೀನಿ.
ಮುಂಜಾನೆದ್ದು ಎಣ್ಣಿ ಬಿದ್ದ ಹನಿ ಎಣಸ್ತೀನಿ
ನನ್ನ ವಾರಗಿಯವರು ಬಿಪಿ ಗುಳಿಗಿ ಎಣಿಸಿದಂಗ.

ಸೈನ್ಯದ ಹರಾಜಿನ್ಯಾಗ ಹಿಡದಾವ ನಾನಲ್ಲ,
ಬ್ಯಾಡಗಿ ದಲಾಲಿ ಅಂಗಡಿ ಕೊಟ್ರಬಸಪ್ಪ.
ಹತ್ತೊಂಬತ್ತು ವರ್ಸ ಮೆಣಸಿನಕಾಯಿ ಹೇರಿದ,
ಆಮ್ಯಾಲ ಬೇಲಿಗುಂಟ ನಿಲ್ಲಿಸಿ ಮರತ.
ತೂಕಕ್ಕ ಕೊಡತೀನಿ ಅಂದ, ಗುಜರಿ ರೇಟು.
ನಾ ತಕ್ಕಡಿ ನೋಡಲಿಲ್ಲ. ಹತ್ತಿ ಕುಂತು ಗೇರ್ ಹಾಕಿದೆ.
ಬಿತ್ತು.
ಹಸಿ ಎರಿಮಣ್ಣಾಗ ಗುದ್ದಲಿ ಬಿದ್ದಂಗ ಬಿತ್ತು.

ಅವತ್ತಿಂದ ನಮ್ಮನ್ಯಾಗ ಐತವಾರ ಇಲ್ಲ.
"ಇದರ ಬದಲಿ ಎಮ್ಮಿ ಕಟ್ಟಿದ್ದರ
ಹೆಂಡೀನರ ಹಾಕತಿತ್ತು" ಅಂತಾಳ ನಿಂಬವ್ವ.
ಕಿಂಗ್‌ಪಿನ್ನಿನ ಬುಶ್ಶು ಯಾವ ಅಂಗಡ್ಯಾಗೂ ಸಿಗಂಗಿಲ್ಲ;
ಹಳೇಹುಬ್ಬಳ್ಳಿ ದಾವಲಸಾಬ ಲೇಥಿನ್ಯಾಗ ಕಡದು,
ಹೆಬ್ಬಟ್ಟಿಲೆ ಸವರಿ, ಕಣ್ಣು ಮುಚ್ಚಿ ಅಂದ:
"ಕೂದಲೆಳಿಯಷ್ಟು ಬಿಗಿ ಐತಿ, ಅದು ಅದರ ಹಕ್ಕು."

ಆರ್‌ಟಿಒ ಸಾಹೇಬ ಸುತ್ತ ಹಾಕಿ ನೋಡಿದ.
ಈ ಹಸರು ಸೈನ್ಯದ್ದು, ನಾವು ನೀವು ಬಳಿಯಂಗಿಲ್ಲ ಅಂದ.
ಕೆಂಪು ಬಳದೆ.
"ಹಸರಿದ್ದದ್ದು ಹಣ್ಣಾತು ನೋಡು" ಅಂದಳು ನಿಂಬವ್ವ,
ಮೆಣಸಿನ ಹೊಲದಾಗ ಬೆಳದಾಕಿ.
ಪಾನಾ ಜಾರಿ ತರಚಿದಲ್ಲೆಲ್ಲ ಈಗೂ
ಒಳಗಿನ ಕಾಯಿ ಹಣಿಕಿ ಹಾಕತೈತಿ.

ಹೋದ ಮಾಗಿಯಾಗ ಸಿನಿಮಾದವರು ಬಂದರು,
ಆರು ಮಂದಿ, ಎಲ್ಲಾರಿಗೂ ಕರಿ ಚಸ್ಮಾ.
ಮೂರು ಲಕ್ಷ, ಕೈಯಾಗ.
ಹಿಮದಾಗ ಬಾಂಬ್ ಬೀಳತೈತಂತ, ಲಾರಿ ಹಾರತೈತಂತ,
ಹೀರೋ ಉಳಿತಾನಂತ.
ಹಿಮ ಎಲ್ಲೀದು?
"ಹತ್ತಿ ಹಾಸ್ತೀವಿ ಕಾಕಾ."

ಸೀಟಿನ ಕೆಳಗ ಸಿಕ್ಕಿದ್ದ ಲಾಗ್‌ಬುಕ್ಕು ತಗದು ಓದಿದೆ:
ಗೋದಿ ಹಿಟ್ಟು. ಸೀಮಿಎಣ್ಣಿ. ಹೇಸರಗತ್ತಿಗೆ ಹುಲ್ಲು.
ಗೋದಿ ಹಿಟ್ಟು. ಗೋದಿ ಹಿಟ್ಟು.
ಒಂದು ಸಲ ಬ್ಯಾಂಡಿನವರ ತುತ್ತೂರಿ, ಹನ್ನೆರಡು,
ಅದರಾಗ ಒಂದು ನೆಗ್ಗಿದ್ದು ಅಂತ ಸಹಿ ಹಾಕಿ ಬರದಾರ.
ಮದ್ದಿಲ್ಲ, ಗುಂಡಿಲ್ಲ.
ಹಿಟ್ಟು ಹೊತ್ತು ಮುಪ್ಪಾದದ್ದನ್ನ ಯುದ್ಧದಾಗ ಸಾಯಸ್ತೀರಲ್ಲೋ!
"ಯಾರಿಗೆ ಗೊತ್ತಾಗತೈತಿ ಕಾಕಾ?"

ನಾ ಜಗಳ ಆಡಲಿಲ್ಲ. ಚಾಲೂ ಮಾಡಿ ತೋರಸ್ತೀನಿ,
ಹತ್ರಿ ಎಲ್ಲಾರೂ ಅಂದೆ.
ಹತ್ತು ಸಲ ತೊಳದರೂ ಹಲಗಿ ಸಂದಿನ್ಯಾಗ
ಕೊಟ್ರಬಸಪ್ಪನ ಘಾಟು ಹಂಗs ಐತಿ;
ಇಂಜಿನ್ನು ಕಾದು ತಳಾ ನಡುಗಿತಂದರ
ಮೆತ್ತಗ ಏಳತೈತಿ ಅದು,
ಒಗ್ಗರಣಿ ಸೀದ ಮನಿಯಂಗ.
ಮೊದಲ ಡೈರೆಕ್ಟರ್ ಸೀನಿದ. ಆಮ್ಯಾಲ ಹಿಂದ ಕುಂತವರು.
ಚಸ್ಮಾ ತಗದು ಕಣ್ಣು ಒರಸಿಕೊಂಡರು, ಹಂಗs ಹೋದರು.
ಜಲ್ಮದಾಗ ಗುಂಡು ಕಾಣದ ಲಾರಿ
ಆರು ಮಂದೀನ ಕೆಡವಿತ್ತು.

ನಿಂಬವ್ವ ಮೂರು ದಿನ ಮಾತಾಡಲಿಲ್ಲ.
ಲಕ್ಷಕ್ಕೊಂದು ದಿನ. ಅಗ್ಗಾತು ಅಂತ ನನಗೂ ಗೊತ್ತು.

ನಾಕನೇ ದಿನ ಚಾ ಹಿಡಕೊಂಡು ಶೆಡ್ಡಿಗೆ ಬಂದಳು.
ನಾ ಬಾನೆಟ್ಟಿನಾಗ ತಲಿ ಇಟ್ಟಿದ್ದೆ, ಚಾಲೂ ಆಗಿರಲಿಲ್ಲ.
ಏನಾಗೈತಿ ಅಂದಳು.
ಡೀಸೆಲ್ ಪೈಪಿನ್ಯಾಗ ಗಾಳಿ ಹೊಕ್ಕೈತಿ ಅಂದೆ.
ಗಾಳಿ ಹೊಕ್ಕರ ನಿಂದರತೈತೇನು ಇಷ್ಟು ದೊಡ್ಡದು?
ನಿಂದರತೈತಿ.
ತಾ ಇಲ್ಲಿ ಅಂತ ಪಾನಾ ಇಸಗೊಂಡಳು.
ಬೋಲ್ಟು ಸಡಲ ಮಾಡಿದಳು, ನಾ ಪಂಪು ಒತ್ತಿದೆ,
ಬುರುಗು ಬಂತು, ಬುರುಗು, ಇನ್ನೂ ಬುರುಗು,
ಆಮ್ಯಾಲ ಸಾಫ ಎಣ್ಣಿ, ಆಕಿ ಬಳಿ ಮ್ಯಾಲ.
ಬಿಗಿ ಮಾಡು ಅಂದೆ, ಮಾಡಿದಳು,
ನನಕಿಂತ ಸುತ್ತರ್ಧ ಹೆಚ್ಚಿಗೆ.

ಹತ್ತಿ ಬಾಜೂಕ ಕುಂತು, ಸೆರಗಿಲೆ ಕೈ ಒರಸಿಕೊಂಡು
ಸೀನಿದಳು ಒಮ್ಮೆ.

ಒಂಟಿ ಸೀನು ಅಪಶಕುನ.
ಕೀಲಿ ಮ್ಯಾಲ ಕೈ ಇಟ್ಟು, ತಿರುವದನ
ಇನ್ನೊಂದಕ್ಕ ಕಾದು ಕುಂತೀನಿ.